ವಿಶ್ವಕಿರಣಗಳ ದೈನಿಕ ವ್ಯತ್ಯಯ

ಬಾಹ್ಯಾಕಾಶದಿಂದ ಭೂಮಂಡಲಕ್ಕೆ ಅವಿರತವಾಗಿ ಬಂದೆರಗುವ ವಿಶ್ವಕಿರಣಗಳ ತೀವ್ರತೆಯು ಸೌರದಿನದ 24 ಗಂಟೆಗಳಲ್ಲಿ ಏರಿಳಿಯುವ ಪರಿ. ಸೂರ್ಯನೊಡನೆ ಆವರ್ತಿಸುವ ಅಂತರಗ್ರಹ ಕಾಂತಕ್ಷೇತ್ರವು ಕಣಗಳನ್ನು ಸೆಳೆದೊಯ್ಯುವುದು ಇದಕ್ಕೆ ಮುಖ್ಯ ಕಾರಣ. ಈ ಏರಿಳಿತವು ಸಾಮಾನ್ಯವಾಗಿ ಶೇಕಡ 1ಕ್ಕಿಂತಲೂ ಅಲ್ಪವಾದುದರಿಂದ, ಗೈಗರ್ ನಳಿಕೆಗಳನ್ನು ಒಂದರ ಮೇಲೊಂದು ಜೋಡಿಸಿ, ಅವೆಲ್ಲವನ್ನೂ ಹಾದುಹೋದ ಕಣಗಳನ್ನು ಮಾತ್ರ ತಿಂಗಳುಗಟ್ಟಲೆ ಎಣಿಸಿ, ವಾಯುಭಾರದ ಪ್ರಭಾವವನ್ನು ಕಳೆದು ಅದನ್ನು ಗುರುತಿಸುವುದುಂಟು. ವಾಯುಭಾರ ಹೆಚ್ಚಿದಂತೆ ಗಣನೆ ತಗ್ಗುವುದರಿಂದ, ಈ ಪರಿಷ್ಕರಣವೇ ಮಾಪನದ ಅತಿ ಸೂಕ್ಷ್ಮವಾದ ಭಾಗವೆನ್ನಬೇಕು. ಎರಡನೆಯ ಮಹಾಯುದ್ಧದ ನಿಮಿತ್ತ ಕೇಂಬ್ರಿಜ್‌ನಿಂದ ಸ್ವದೇಶಕ್ಕೆ ಮರಳಿದ ವಿಕ್ರಮ್ ಸಾರಾಭಾಯಿಯವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಕಾಲಾನುಗತ ವಿತರಣೆಯನ್ನು ಅಭ್ಯಸಿಸಿ, 1942ರಲ್ಲಿ ತಮ್ಮ ಪ್ರಥಮ ಪ್ರಬಂಧವನ್ನು ಪ್ರಕಟಿಸಿದರು. ಕನ್ನಡ ನಾಡಿನ ವಿಜ್ಞಾನೇತಿಹಾಸದಲ್ಲಿ ಇದು ನಿಶ್ಚಯವಾಗಿಯೂ ಸ್ಮರಣಾರ್ಹ. 1947ರಲ್ಲಿ ಅಹಮದಾಬಾದಿನಲ್ಲಿ ಅವರು ಸ್ಥಾಪಿಸಿದ ಭೌತ ಸಂಶೋಧನಾಲಯವು ಈ ಅಧ್ಯಯನವನ್ನು ಮುಂದುವರಿಸಿತು.