ಫಿರಾ ಕೋಡ್
ಪ್ರೋಗ್ರಾಮರ್‌ಗಳಿಗಾಗಿ ರೂಪುಗೊಂಡ ಮುಕ್ತ ಆಕರದ ಫಾಂಟ್. ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಒಂದೇ ಅಗಲ ಇರುವುದರಿಂದ ಕೋಡ್‌ನ ಸಾಲುಗಳು ಒಂದರ ಕೆಳಗೊಂದು ಸರಿಯಾಗಿ ಹೊಂದಿಕೊಳ್ಳುತ್ತವೆ. ಮೊಜಿಲ್ಲಾ ಸಂಸ್ಥೆಯ ಫಿರಾ ಮೋನೊ ಫಾಂಟನ್ನು ಆಧರಿಸಿ ನಿಕಿತಾ ಪ್ರೊಕೊಪೊವ್ ಇದನ್ನು ಬೆಳೆಸಿದರು.

ಸಂಯುಕ್ತ ಚಿಹ್ನೆಗಳು ಇದರ ವೈಶಿಷ್ಟ್ಯ. ಅಡ್ಡಗೆರೆಯ ಮುಂದೆ ‘ಹೆಚ್ಚು’ ಚಿಹ್ನೆ ಒತ್ತಿದರೆ ಎರಡೂ ಕೂಡಿ ಬಾಣವಾಗಿ ಕಾಣುತ್ತವೆ. ಉದ್ಗಾರ ಚಿಹ್ನೆಗೆ ಸಮಚಿಹ್ನೆ ಸೇರಿದರೆ ಗೆರೆ ಹೊಡೆದ ಸಮಚಿಹ್ನೆಯಾಗುತ್ತದೆ. ಬದಲಾಗುವುದು ಪರದೆಯ ಮೇಲಿನ ರೂಪ ಮಾತ್ರ. ಕಡತದಲ್ಲಿ ಮೂಲ ಚಿಹ್ನೆಗಳೇ ಉಳಿಯುವುದರಿಂದ ಪ್ರೋಗ್ರಾಂನ ಅರ್ಥಕ್ಕೆ ಧಕ್ಕೆಯಿಲ್ಲ. ಸೊನ್ನೆಯ ನಡುವಿನ ಚುಕ್ಕೆ ಅದನ್ನು ಇಂಗ್ಲಿಷಿನ ‘ಓ’ ಅಕ್ಷರದಿಂದ ಬೇರ್ಪಡಿಸುತ್ತದೆ.

ಎಸ್‌ಐಎಲ್ ಓಪನ್ ಫಾಂಟ್ ಪರವಾನಗಿಯಡಿ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು, ಹಂಚಬಹುದು. ಲ್ಯಾಟಿನ್, ಗ್ರೀಕ್, ಸಿರಿಲಿಕ್ ಲಿಪಿಗಳು ಇದರಲ್ಲಿವೆ, ಕನ್ನಡ ಲಿಪಿಯಿಲ್ಲ.