ಪುಟ್ಟ ಡಾಕ್ಟರನ ಮನೆಸಾಲ

1869ರ ಸುಮಾರು. ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್ ಎಂಬ ಸಣ್ಣ ಊರಿನ ಡಾಕ್ಟರನೊಬ್ಬ ಹೆಂಡತಿಯ ಮುಂದೆ ಒಂದು ಮಾತು ತೆಗೆದ. ಹೊಸ ಬಗೆಯ ಸೂಕ್ಷ್ಮದರ್ಶಕವೊಂದು ಬಂದಿದೆ, ಬೇಕು. ಬೆಲೆ 600 ಡಾಲರು. ಅಷ್ಟು ದುಡ್ಡು ಹುಟ್ಟಬೇಕಾದರೆ ಇರುವ ಮನೆಯನ್ನು ಅಡವಿಡಬೇಕು. ಫೀಸು ವಸೂಲಿಯಲ್ಲಿ ಆತನ ಕೈ ಬಲು ಸಡಿಲ, ಬಡವರನ್ನಂತೂ ಕೇಳುತ್ತಲೇ ಇರಲಿಲ್ಲ. ಹೆಂಡತಿ ಲೂಯಿಸ್ ಯೋಚಿಸಿ ಹೂಂ ಅಂದಳು. ಆ ಸಾಲ ತೀರಲು ಹತ್ತು ವರ್ಷ ಹಿಡಿಯಿತು.

ಡಾಕ್ಟರನ ಹೆಸರು ವಿಲಿಯಂ ವೊರಲ್ ಮೇಯೋ. ಇಂದು ಮೇಯೋ ಕ್ಲಿನಿಕ್ ಎಂದರೆ ರಾತ್ರಿ ತಲೆನೋವು ಬಂದು ಗೂಗಲ್‌ನಲ್ಲಿ ಕಾರಣ ಹುಡುಕಿದವರಿಗೂ ಗೊತ್ತು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಆತನ ಮಕ್ಕಳಾದ ವಿಲ್ ಮತ್ತು ಚಾರ್ಲಿ ಎಂಬ ಅಣ್ಣತಮ್ಮಂದಿರ ಕೈಚಳಕದ ಕತೆಯಾಗಿ ಹೇಳುತ್ತಾರೆ. ಕೈಚಳಕ ಇದ್ದದ್ದು ನಿಜ. ಆದರೆ ಆ ಮನೆಯ ಲೆಕ್ಕದ ಪುಸ್ತಕ ತೆರೆದರೆ ಬೇರೆ ಬೇರೆಯವರ ಹೆಸರಿನಲ್ಲಿ ಬಾಕಿ ಬಹಳ ಕಾಣುತ್ತದೆ.

ಮೇಯೋ ಹುಟ್ಟಿದ್ದು 1819ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪರಮಾಣು ಸಿದ್ಧಾಂತಕ್ಕಾಗಿ ನಾವು ಓದುವ ಜಾನ್ ಡಾಲ್ಟನ್ ಬಳಿ ಪಾಠ ಹೇಳಿಸಿಕೊಂಡವನು. 1840ರ ದಶಕದ ನಡುವೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಅಲ್ಲಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಔಷಧ ಕಟ್ಟಿದ, ಇಂಡಿಯಾನಾದಲ್ಲಿ ಪಾಲುದಾರನೊಬ್ಬನ ಜೊತೆ ದರ್ಜಿ ಅಂಗಡಿ ನಡೆಸಿದ, 1850ರಲ್ಲಿ ಅಲ್ಲಿಯೇ ವೈದ್ಯ ಪದವಿ ಪಡೆದ. ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಡಾಕ್ಟರಾಗಬಹುದಾಗಿದ್ದ ಕಾಲ ಅದು. ಅಳಲೆಕಾಯಿ ಪಂಡಿತರಿಗೆ ಅಲ್ಲಿಯೂ ಬರವಿರಲಿಲ್ಲ. ಪದವಿಯೊಂದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. 1851ರಲ್ಲಿ ಕೈಹಿಡಿದ ಲೂಯಿಸ್ ರೈಟ್ ಹೆಂಗಸರ ಟೋಪಿ ಹೊಲಿದು ಮಾರುವ ಅಂಗಡಿ ಇಟ್ಟಳು, ಸಂಸಾರದ ಬಂಡಿ ಹೆಚ್ಚುಕಡಿಮೆ ಆ ಟೋಪಿಗಳ ಮೇಲೆ ಉರುಳಿತು.

ಇಂಡಿಯಾನಾದ ಜೌಗಿನ ಚಳಿಜ್ವರ ಮೇಯೋನನ್ನು ಬಿಡಲಿಲ್ಲ. 1854ರಲ್ಲಿ ಒಂದು ದಿನ ಕುದುರೆಗಾಡಿ ಕಟ್ಟಿ, ಜ್ವರ ಬಿಡುವ ತನಕ ಇಲ್ಲವೇ ಪ್ರಾಣ ಹೋಗುವ ತನಕ ಹೀಗೇ ಹೋಗುತ್ತಿರುತ್ತೇನೆ ಎಂದು ಹೇಳಿ ಹೊರಟನಂತೆ. ಗಾಡಿ ನಿಂತದ್ದು ಮಿನ್ನೆಸೋಟಾದಲ್ಲಿ. ಲೂಯಿಸ್ ಅಲ್ಲಿಗೂ ಬಂದು ಸೇಂಟ್ ಪಾಲ್‌ನಲ್ಲಿ ಮತ್ತೆ ಟೋಪಿ ಅಂಗಡಿ ತೆರೆದಳು. ಗಂಡನ ಕಾಲಿಗೆ ಚಕ್ರ ಕಟ್ಟಿದ್ದರೆ ಹೆಂಡತಿ ಸೂಜಿದಾರ ಗಂಟು ಕಟ್ಟಿಕೊಂಡೇ ಇರಬೇಕು!

1859ರಲ್ಲಿ ಲೆ ಸೂಅರ್ ಎಂಬ ಊರಿನಲ್ಲಿ ಮೇಯೋ ತಾನೇ ಮರ ಕೊಯ್ದು ಪುಟ್ಟ ಮನೆ ಕಟ್ಟಿದ. ಆತನ ಎತ್ತರ ಐದಡಿಯ ಮೇಲೆ ಕೆಲವೇ ಇಂಚು. ಜನ ಕರೆಯುತ್ತಿದ್ದದ್ದೇ 'ಪುಟ್ಟ ಡಾಕ್ಟರು' ಎಂದು. ರೋಗಿಗಳನ್ನು ನೋಡುತ್ತಿದ್ದ ಮಹಡಿಯ ಕೋಣೆಯ ಚಾವಣಿಯನ್ನೂ ಆ ಅಳತೆಗೇ ತಗ್ಗಿಸಿದ್ದ. ಮನೆ ಈಗಲೂ ಇದೆ, ಒಳಗೆ ಹೋದ ಎತ್ತರದವರು ತಲೆ ಬಗ್ಗಿಸಿಯೇ ನಡೆಯಬೇಕು. ಹಿರಿಯ ಮಗ ವಿಲ್ ಹುಟ್ಟಿದ್ದು ಅಲ್ಲಿ, 1861ರಲ್ಲಿ.

ಮರುವರ್ಷ ಆಗಸ್ಟಿನಲ್ಲಿ ಯುದ್ಧ ಬಂತು. ಭೂಮಿ ಬಿಟ್ಟುಕೊಟ್ಟದ್ದಕ್ಕೆ ಸರ್ಕಾರ ಕೊಡಬೇಕಿದ್ದ ವರ್ಷಾಶನ ತಡವಾಗಿ, ಹಸಿವಿನಲ್ಲಿದ್ದ ಡಕೋಟಾ ಜನ ಬಂಡೆದ್ದರು. ನೂರಾರು ವಲಸಿಗರು ಸತ್ತರು. ಮೇಯೋ ನ್ಯೂ ಅಲ್ಮ್ ಊರಿಗೆ ಧಾವಿಸಿ ಗಾಯಾಳುಗಳನ್ನು ನೋಡಿದ. ಲೂಯಿಸ್ ತನ್ನ ಮನೆ, ಕೊಟ್ಟಿಗೆಗಳನ್ನು ಓಡಿಬಂದ ಸಂಸಾರಗಳಿಗೆ ಬಿಟ್ಟುಕೊಟ್ಟಳು. ಬಂಡಾಯ ಅಡಗಿದ ಮೇಲೆ ಸೇನೆ ವಿಚಾರಣೆ ನಡೆಸಿತು. ಕೆಲವು ವಿಚಾರಣೆಗಳು ಐದು ನಿಮಿಷವೂ ನಡೆಯಲಿಲ್ಲ. 303 ಮಂದಿಗೆ ಮರಣದಂಡನೆ ಬಿತ್ತು. ಅಧ್ಯಕ್ಷ ಲಿಂಕನ್ ಕಡತ ತರಿಸಿಕೊಂಡು ಬಹುಮಂದಿಯ ಶಿಕ್ಷೆ ತಪ್ಪಿಸಿದರೂ, 1862ರ ಡಿಸೆಂಬರ್ 26ರಂದು ಮ್ಯಾನ್‌ಕೇಟೊದಲ್ಲಿ 38 ಜನರನ್ನು ಒಂದೇ ಸಲ ನೇಣಿಗೇರಿಸಲಾಯಿತು. ಶವಗಳನ್ನು ನದಿ ದಂಡೆಯ ಮರಳಲ್ಲಿ ಹೂತರು.

ಅದೇ ರಾತ್ರಿ ಡಾಕ್ಟರುಗಳು ಮರಳು ಅಗೆದರು. ಕೊಯ್ದು ಕಲಿಯಲು ಹೆಣ ಸಿಗುವುದು ಆ ಕಾಲದಲ್ಲಿ ಕಷ್ಟ. ಮೇಯೋ ಪಾಲಿಗೆ ಬಂದದ್ದು ಮಾರ್ಪಿಯಾ ಒಕಿನಾಜಿನ್ ಎಂಬವನ ದೇಹ. ಆ ಹೆಸರಿನ ಅರ್ಥ ಮೋಡದಲ್ಲಿ ನಿಂತವನು ಎಂದು. ಬಿಳಿಯರು ಇಟ್ಟಿದ್ದ ಹೆಸರು ಕಟ್ ನೋಸ್, ಅಂದರೆ ಮೂಗುಹರುಕ. ಮೇಯೋ ಆ ದೇಹವನ್ನು ಕೊಯ್ದು ನೋಡಿ, ಮೂಳೆಗಳನ್ನು ಸ್ವಚ್ಛ ಮಾಡಿ, ಮನೆಗೆ ತಂದು ದೊಡ್ಡ ಕಬ್ಬಿಣದ ಕಡಾಯಿಯಲ್ಲಿಟ್ಟ. ಮುಂದೆ ಮಕ್ಕಳಿಬ್ಬರೂ ಮೂಳೆಗಳ ಹೆಸರು ಕಲಿತದ್ದು ಆ ಕಡಾಯಿಯ ಮುಂದೆ ಕೂತು. ಕಾಲ ಹಾಗಿತ್ತು ಎಂದು ಹೇಳಿ ಮುಂದೆ ಸಾಗುವವರಿದ್ದಾರೆ. ಹೂತ ಹೆಣವನ್ನು ರಾತ್ರಿ ತೆಗೆಯುವುದು ಸರಿಯಲ್ಲವೆಂಬುದು ಆ ಕಾಲಕ್ಕೂ ಗೊತ್ತಿತ್ತು. ಇಲ್ಲದಿದ್ದರೆ ಕತ್ತಲಾಗುವವರೆಗೆ ಕಾಯುತ್ತಿರಲಿಲ್ಲ.

1863ರಲ್ಲಿ ಸೇನೆಗೆ ಸೇರುವವರ ದೇಹತಪಾಸಣೆಯ ಕೆಲಸ ಸಿಕ್ಕಿ ಮೇಯೋ ರಾಚೆಸ್ಟರಿಗೆ ಬಂದ. ಸಂಸಾರವೂ ಹಿಂದೆಯೇ ಬಂತು. 1865ರಲ್ಲಿ ಚಾರ್ಲಿ ಹುಟ್ಟಿದ. ಆ ಮನೆಯೇ ಆಸ್ಪತ್ರೆ, ಪ್ರಯೋಗಶಾಲೆ, ಕಾಲೇಜು ಎಲ್ಲ. ಲೂಯಿಸ್ ಗಂಡನ ವೈದ್ಯ ಪುಸ್ತಕಗಳನ್ನು ಓದಿಕೊಂಡು, ಆತ ಊರಲ್ಲಿಲ್ಲದಾಗ ಬಂದ ರೋಗಿಗಳಿಗೆ ತಾನೇ ಮದ್ದು ಹೇಳುತ್ತಿದ್ದಳು. ಮಕ್ಕಳಿಗೆ ಗಿಡಗಳ ಹೆಸರನ್ನೂ ದೂರದರ್ಶಕ ಹಿಡಿದು ನಕ್ಷತ್ರಗಳನ್ನೂ ಪರಿಚಯಿಸಿದಳು. ಹುಡುಗರು ಅಪ್ಪನ ಗಾಡಿಯಲ್ಲಿ ಹಳ್ಳಿ ಸುತ್ತಿದರು. ಶಸ್ತ್ರಚಿಕಿತ್ಸೆಯ ನಡುವೆ ಅರಿವಳಿಕೆ ಕೊಡುತ್ತಿದ್ದವನಿಗೆ ತಲೆಸುತ್ತು ಬಂದಾಗ ಒಂಬತ್ತು ವರ್ಷದ ಚಾರ್ಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಆ ಕೆಲಸ ಮುಗಿಸಿದನೆಂಬ ಕತೆ ಮನೆತನದಲ್ಲಿ ಉಳಿದಿದೆ.

ವಿಲ್ ಮಿಷಿಗನ್ನಿನಲ್ಲಿ ಓದು ಮುಗಿಸಿ ಮನೆಗೆ ಬಂದ ವರ್ಷವೇ, 1883ರ ಆಗಸ್ಟ್ 21ರ ಸಂಜೆ, ಸುಂಟರಗಾಳಿ ಊರಿನ ಉತ್ತರ ಭಾಗವನ್ನು ನೆಲಸಮ ಮಾಡಿತು. ಸತ್ತವರು 37, ಗಾಯಗೊಂಡವರು 200ಕ್ಕೂ ಹೆಚ್ಚು. ಊರಿನಲ್ಲಿ ಆಸ್ಪತ್ರೆಯೇ ಇರಲಿಲ್ಲ. ನೃತ್ಯ ನಡೆಯುತ್ತಿದ್ದ ಹಾಲೊಂದರಲ್ಲಿ ಹಾಸಿಗೆ ಹಾಕಿದರು. ಮೇಯೋ ಮೇಲ್ವಿಚಾರಣೆ, ಆರೈಕೆಗೆ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರು. ಅವರು ಪಾಠ ಹೇಳುವ ಟೀಚರುಗಳು, ರೋಗಿಗಳನ್ನು ನೋಡಿಕೊಂಡ ಅನುಭವವಿಲ್ಲ.

ಅವರ ಮುಖ್ಯಸ್ಥೆ, ಲಕ್ಸೆಂಬರ್ಗಿನಿಂದ ಬಂದಿದ್ದ ಮದರ್ ಆಲ್ಫ್ರೆಡ್, ಊರಿಗೊಂದು ಆಸ್ಪತ್ರೆ ಕಟ್ಟುತ್ತೇವೆ, ನೀವು ನಡೆಸಿಕೊಡಿ ಎಂದು ಮೇಯೋನನ್ನು ಕೇಳಿದಳು. ಊರು ಸಣ್ಣದು, ಖರ್ಚು ದೊಡ್ಡದು ಎಂದು ಆತ ಹಿಂಜರಿದ. ಆಗ ಆಸ್ಪತ್ರೆ ಎಂದರೆ ಜನ ಸಾಯಲು ಹೋಗುವ ಜಾಗ. ಆಕೆ ಪಟ್ಟು ಬಿಡಲಿಲ್ಲ. ಸಂನ್ಯಾಸಿನಿಯರು ವರ್ಷಗಟ್ಟಲೆ ದುಡಿದು, ಹೊಟ್ಟೆ ಬಟ್ಟೆ ಕಟ್ಟಿ ಕಾಸು ಕೂಡಿಟ್ಟರು. 1889ರ ಸೆಪ್ಟೆಂಬರ್ 30ರಂದು 27 ಹಾಸಿಗೆಗಳ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಕಣ್ಣಿನ ಗಡ್ಡೆ. ಕತ್ತರಿ ಚಾರ್ಲಿಯ ಕೈಯಲ್ಲಿ, ಪಕ್ಕದಲ್ಲಿ ವಿಲ್, ಅರಿವಳಿಕೆ ಕೊಟ್ಟವನು ಎಪ್ಪತ್ತರ ಅಪ್ಪ.

ಅಲ್ಲಿ ಬಹುಕಾಲ ವಿಲ್‌ನ ಸಹಾಯಕಿಯಾಗಿ ನಿಂತವಳು ಸಿಸ್ಟರ್ ಮೇರಿ ಜೋಸೆಫ್. ರೋಗಿಗಳ ಹೊಟ್ಟೆ ತೊಳೆದು ಅಣಿಮಾಡುವಾಗ ಹೊಕ್ಕುಳಲ್ಲಿ ಗಟ್ಟಿ ಗಂಟು ಸಿಕ್ಕರೆ ಒಳಗೆ ಕ್ಯಾನ್ಸರ್ ಹರಡಿರುತ್ತದೆಂದು ಕಂಡುಕೊಂಡವಳು ಆಕೆ. 1928ರಲ್ಲಿ ಅದನ್ನು ಬರೆದು ಪ್ರಕಟಿಸಿದವನು ವಿಲ್. ಗಂಟಿಗೆ ಆಕೆಯ ಹೆಸರು ಬಂದದ್ದು 1949ರಲ್ಲಿ, ಆಕೆ ಸತ್ತ ಹತ್ತು ವರ್ಷಕ್ಕೆ. ನಮ್ಮ ವೈದ್ಯ ಕಾಲೇಜುಗಳ ಹುಡುಗರು ಪರೀಕ್ಷೆಗೆ ಉರು ಹೊಡೆಯುವ 'ಸಿಸ್ಟರ್ ಮೇರಿ ಜೋಸೆಫ್ ನಾಡ್ಯೂಲ್' ಇದೇ.

ಹಿರಿಯ ಮೇಯೋ ಊರಿನ ಮೇಯರ್ ಆದ, ರಾಜ್ಯದ ಸೆನೆಟ್ಟಿಗೂ ಹೋದ. ತೊಂಬತ್ತು ದಾಟಿದರೂ ಪ್ರಯೋಗದ ಹುಚ್ಚು ಬಿಡಲಿಲ್ಲ. 1910ರಲ್ಲಿ ಕಸದಿಂದ ಆಲ್ಕೋಹಾಲ್ ತೆಗೆಯುವ ಯಂತ್ರಕ್ಕೆ ಕೈ ಸಿಕ್ಕಿ ನಜ್ಜುಗುಜ್ಜಾಯಿತು, ಕತ್ತರಿಸಬೇಕಾಯಿತು. ಆ ಪೆಟ್ಟಿನಿಂದ ಚೇತರಿಸಿಕೊಳ್ಳದೆ 1911ರ ಮಾರ್ಚ್ 6ರಂದು ತೀರಿಕೊಂಡ. ಲೂಯಿಸ್ 1915ರವರೆಗೆ ಬದುಕಿದ್ದಳು. ಮಕ್ಕಳು 1919ರಲ್ಲಿ ತಮ್ಮ ಗಳಿಕೆಯ ಬಹುಪಾಲನ್ನು ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದಕ್ಕೆ ಬರೆದುಕೊಟ್ಟರು.

ಕಡಾಯಿಯ ಮೂಳೆಗಳು ಡಕೋಟಾ ಜನರ ಕೈಗೆ ಮರಳಿ ಮಣ್ಣು ಸೇರಿದ್ದು 2000ದಲ್ಲಿ. 2018ರಲ್ಲಿ ಕ್ಲಿನಿಕ್ಕಿನವರು ನೆಬ್ರಾಸ್ಕಾದ ಸ್ಯಾಂಟಿಗೆ ಹೋಗಿ ಮಾರ್ಪಿಯಾ ಒಕಿನಾಜಿನ್‌ನ ವಂಶದವರ ಕ್ಷಮೆ ಕೇಳಿ, ಆತನ ಹೆಸರಿನಲ್ಲಿ ವಿದ್ಯಾರ್ಥಿವೇತನವೊಂದನ್ನು ಇಟ್ಟರು. ನೇಣಿನ ದಿನದಿಂದ ಲೆಕ್ಕ ಹಾಕಿದರೆ ಆಗ 155 ವರ್ಷ ದಾಟಿತ್ತು.