ಮೇವು, ಕೊಬ್ಬು ಮತ್ತು ಮಾಂಸದ ರುಚಿ: ಹಂದಿ, ಕುರಿಗಳ ತೌಲನಿಕ ವಿವೇಚನೆ

ಮಾಂಸದ ರುಚಿಯನ್ನು ತಳಿ, ವಯಸ್ಸು, ಲಿಂಗ, ಮೇವು ಎಲ್ಲವೂ ನಿರ್ಧರಿಸುತ್ತವೆ. ಇವುಗಳಲ್ಲಿ ಮೇವು ಯಾವ ದಾರಿಯಿಂದ ಮಾಂಸವನ್ನು ಮುಟ್ಟುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ದನ ಮತ್ತು ಹಂದಿಯ ಮಾಂಸವನ್ನು ಕುರಿತ ಹಾರ್ನ್‌ಸ್ಟೈನ್ ಮತ್ತು ಕ್ರೋ ಅವರ 1960ರ ಅಧ್ಯಯನ ಇದಕ್ಕೆ ಆಧಾರ ಒದಗಿಸಿತು. ಕೊಬ್ಬಿಲ್ಲದ ಮಾಂಸದ ಸಾರವನ್ನು ಕಾಯಿಸಿದಾಗ ಎರಡರ ವಾಸನೆಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಆಯಾ ಪ್ರಾಣಿಯ ಗುರುತು ಹತ್ತಿದ್ದು ಕೊಬ್ಬಿನಲ್ಲಿ. ಆದ್ದರಿಂದ ಮೇವಿನ ಜಾಡನ್ನೂ ಮೊದಲು ಕೊಬ್ಬಿನಲ್ಲೇ ಹುಡುಕಬೇಕು.

ನೈಋತ್ಯ ಸ್ಪೇನಿನ ಓಕ್ ತೋಪುಗಳಲ್ಲಿ ಇಬೇರಿಯನ್ ಹಂದಿಗಳು ಶರತ್ಕಾಲದಿಂದ ಚಳಿಗಾಲದ ಕೊನೆಯವರೆಗೆ ಉದುರಿದ ಓಕ್ ಕಾಯಿ ತಿಂದು ಕೊಬ್ಬುತ್ತವೆ. ಆ ಕಾಯಿಯ ಕೊಬ್ಬಿನಲ್ಲಿ ಬೇಗ ಕರಗುವ ಕೊಬ್ಬಿನಾಮ್ಲವಾದ ಓಲೆಯಿಕ್ ಆಮ್ಲ ಹೇರಳ. ಹಂದಿ ಮೆಲುಕು ಹಾಕುವ ಪ್ರಾಣಿಯಲ್ಲ. ತಿಂದ ಕೊಬ್ಬಿನಾಮ್ಲ ಹೆಚ್ಚು ಬದಲಾಗದೆ ಅದರ ಮೈಗೆ ಸೇರುತ್ತದೆ. ಹಾಗಾಗಿ ಕೊಬ್ಬು ಮೆದುವಾಗಿ, ಬೇಗ ಕರಗುವಂತಿರುತ್ತದೆ. ಜೊತೆಗೆ ಮೇಯ್ದ ಹಸಿರು ಹುಲ್ಲಿನ ವಿಟಮಿನ್ ಇ, ತಿಂಗಳುಗಟ್ಟಲೆ ಮಾಗಿಸುವಾಗ ಕೊಬ್ಬು ಕಮಟಾಗದಂತೆ ಕಾಯುತ್ತದೆ. ಸ್ಪೇನಿನ 2014ರ ಕಾನೂನು ಈ ಮೇವಿಗೇ ಬೆಲೆ ಕಟ್ಟಿದೆ: ಓಕ್ ಕಾಯಿಯ ಹಣೆಪಟ್ಟಿ ಸಿಗಬೇಕಾದರೆ ಹಂದಿ ತೋಪಿನಲ್ಲಿ ಕನಿಷ್ಠ 60 ದಿನ ಮೇಯ್ದು, 46 ಕಿಲೋ ತೂಕ ಗಳಿಸಬೇಕು.

ಕುರಿಯ ಸಂಗತಿ ಬೇರೆ. ತಿಂದದ್ದು ಮೊದಲು ರೂಮೆನ್ ಎಂಬ ದೊಡ್ಡ ಹೊಟ್ಟೆಯ ಸೂಕ್ಷ್ಮಾಣುಗಳ ಪಾಲಾಗುತ್ತದೆ. ಹುಲ್ಲಿನ ಲಿನೋಲೆನಿಕ್ ಆಮ್ಲದ ಬಹುಪಾಲನ್ನು ಅವು ಗಟ್ಟಿ ಕೊಬ್ಬಿನಾಮ್ಲಗಳಾಗಿ ಮಾರ್ಪಡಿಸುತ್ತವೆ. ಎಳೆ ಹುಲ್ಲಿನ ಪ್ರೋಟೀನು ಬೇಗ ಒಡೆದಾಗ, ಅದರ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಕೊಟ್ಟಿಗೆಯ ವಾಸನೆಯ ಸ್ಕಟೋಲ್ ಹುಟ್ಟಿ ಕೊಬ್ಬಿನಲ್ಲಿ ನಿಲ್ಲುತ್ತದೆ. ಕಾಳು ಹೆಚ್ಚಾದರೆ ರೂಮೆನ್‌ನಲ್ಲಿ ಹುಟ್ಟುವ ಪ್ರೊಪಿಯೋನೇಟ್ ಮಿಕ್ಕಿ, ಕವಲು ಸರಪಳಿಯ ಕೊಬ್ಬಿನಾಮ್ಲಗಳು ಹೆಚ್ಚುತ್ತವೆ. ಕುರಿಮಾಂಸದ ವಿಶಿಷ್ಟ ವಾಸನೆಗೆ ಇವುಗಳಲ್ಲೊಂದಾದ 4-ಮೀಥೈಲ್‌ಆಕ್ಟನಾಯಿಕ್ ಆಮ್ಲ ಮುಖ್ಯ ಕಾರಣವೆಂದು ವಾಂಗ್, ನಿಕ್ಸನ್ ಮತ್ತು ಜಾನ್ಸನ್ 1975ರಲ್ಲಿ ತೋರಿಸಿದರು. ಅಂದರೆ ಹುಲ್ಲು ಮತ್ತು ಕಾಳು ಎರಡೂ ವಾಸನೆ ಕೊಡುತ್ತವೆ. ಆದರೆ ಬೇರೆ ಬೇರೆ ವಾಸನೆ.

ಇದರಿಂದ ಎರಡು ಮಾತು ಸ್ಪಷ್ಟ. ಹಂದಿಯಲ್ಲಿ ಮೇವಿನ ಕೊಬ್ಬು ನೇರವಾಗಿ ಮಾಂಸಕ್ಕೆ ಇಳಿಯುತ್ತದೆ. ಕುರಿಯಲ್ಲಿ ಅದು ಸೂಕ್ಷ್ಮಾಣುಗಳ ಕೈ ದಾಟಿ ಬರುತ್ತದೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು. ಮೇವೂ ಹೀಗೆ ರುಚಿಯನ್ನು ರೂಪಿಸುವುದರಿಂದ, ನಮ್ಮ ನಾಡಿನ ಬನ್ನೂರು ಕುರಿಯ ರುಚಿಯನ್ನು ತಳಿಯ ಗುಣವೆಂದಷ್ಟೇ ಹೊಗಳಿದರೆ ಸಾಲದು. ಒಂದೇ ವಯಸ್ಸಿನ, ಒಂದೇ ಲಿಂಗದ ಮರಿಗಳನ್ನು ಬೇರೆ ಬೇರೆ ಮೇವಿನಲ್ಲಿ ಬೆಳೆಸಿ, ಕೊಬ್ಬಿನ ವಿಶ್ಲೇಷಣೆಯನ್ನೂ ತಿನ್ನುವವರ ತೀರ್ಪನ್ನೂ ಒಟ್ಟಿಗಿಟ್ಟು ತೂಗುವ ಕೆಲಸವನ್ನು ನಮ್ಮ ಪಶುವಿಜ್ಞಾನಿಗಳು ಕೈಗೆತ್ತಿಕೊಳ್ಳಬೇಕು.